ಅಡಿಕೆ ಮರದೆತ್ತರದ ಅಕ್ಷರ

(ಶಿವಮೊಗ್ಗದಲ್ಲಿ ಜುಲೈ ತಿಂಗಳ ಒಂದು ಮಧ್ಯಾಹ್ನ ಸಿವಿಲ್ ಡಿಪ್ಲೊಮಾ ವಿದ್ಯಾರ್ಥಿಗಳು, ಡ್ರಾಫ್ಟ್ಸ್‌ಮನ್‌ಗಳು ಮತ್ತು ಸೈಟ್ ಎಂಜಿನಿಯರುಗಳ ಮುಂದೆ ಆಡಿದ ಮಾತಿನ ಬರಹ ರೂಪ. ಧ್ವನಿಮುದ್ರಣದಿಂದ ಇಳಿಸಿದ್ದು.)

ಒಳಗೆ ಬರುವಾಗ ಬಾಗಿಲಲ್ಲಿ ನಿಮಗೆಲ್ಲ ಒಂದೊಂದು ಕಾಗದದ ಪಟ್ಟಿ ಕೊಟ್ಟಿದ್ದಾರೆ. ಅದರಲ್ಲಿ ಒಂದೇ ಸಾಲನ್ನು ನಾಲ್ಕು ಅಳತೆಯಲ್ಲಿ ಪ್ರಿಂಟ್ ಹಾಕಿಸಿದ್ದೇನೆ: ‘ಕೊಟ್ಟಿಗೆಯ ಬೀಮು, ರಿಂಗ್ 130ಕ್ಕೊಂದು’. ಅಂದರೆ ಬೀಮಿನ ಕಂಬಿಗಳನ್ನು ಸುತ್ತಿ ಹಿಡಿಯುವ ಕಬ್ಬಿಣದ ರಿಂಗು 130 ಮಿಲಿಮೀಟರಿಗೆ ಒಂದರಂತೆ. ಮೇಲಿನ ಸಾಲು 5 ಮಿಲಿಮೀಟರ್ ಎತ್ತರ, ಅದರ ಕೆಳಗೆ 3.5, ಆಮೇಲೆ 2.5, ಕೊನೆಯದು 1.25. ಸದ್ಯಕ್ಕೆ ಮಡಿಸಿ ಜೇಬಿಗೆ ಹಾಕಿಕೊಳ್ಳಿ. ಕೊನೆಗೆ ಕೇಳುತ್ತೇನೆ.

ಆ ಸಾಲನ್ನು ನಾನು ಇವತ್ತಿಗೆ ಅಂತ ಹುಟ್ಟಿಸಿದ್ದಲ್ಲ. ಇಪ್ಪತ್ತು ವರ್ಷಕ್ಕೂ ಹಿಂದೆ ತೀರ್ಥಹಳ್ಳಿ ಕಡೆಯ ಒಂದು ಮನೆಯ ಡ್ರಾಯಿಂಗಿನಲ್ಲಿ ನಾನೇ ಬರೆದದ್ದು. ಆಗ ಆಫೀಸಿಗೆ ಹೊಸಬ. ಪರದೆಯ ಮೇಲೆ ಎಷ್ಟು ಬೇಕೋ ಅಷ್ಟು ಹತ್ತಿರ ಹೋಗಿ ನೋಡಬಹುದಲ್ಲ, ನನಗೆ ಎಲ್ಲವೂ ದೊಡ್ಡದಾಗಿ, ಚಂದವಾಗಿ ಕಾಣುತ್ತಿತ್ತು. ಎ1 ಹಾಳೆಯಲ್ಲಿ ಪ್ಲಾಟ್ ಮಾಡಿದಾಗ ಅಕ್ಷರದ ಎತ್ತರ 2.5 ಮಿ.ಮೀ. ಬಂತು. ಪುಸ್ತಕದ ಪ್ರಕಾರ ತಪ್ಪಿಲ್ಲ. ಆದರೆ ಸೈಟಿಗೆ ಹೋದದ್ದು ಎ1 ಹಾಳೆ ಅಲ್ಲ. ಮನೆಯ ಯಜಮಾನರು ಒಂದು ಪ್ರತಿಯನ್ನು ಜೋಪಾನವಾಗಿ ಕಪಾಟಿನಲ್ಲಿಟ್ಟು, ಅದನ್ನೇ ಎ3ಗೆ ಇಳಿಸಿ ಜೆರಾಕ್ಸ್ ಮಾಡಿಸಿ ಮೇಸ್ತ್ರಿಗೆ ಕೊಟ್ಟಿದ್ದರು. ಎ1ರಿಂದ ಎ3 ಅಂದರೆ ಉದ್ದ, ಅಗಲ ಎರಡೂ ಅರ್ಧ. 2.5 ಇದ್ದದ್ದು 1.25 ಆಯಿತು. ಆಷಾಢದ ಮಳೆ, ಪ್ಲಾಸ್ಟಿಕ್ ಕವರಿನೊಳಗೆ ಬೆವರಿದ ಜೆರಾಕ್ಸು, ಅರವತ್ತರ ಹತ್ತಿರದ ಮೇಸ್ತ್ರಿ. ನಾನು 130 ಅಂತ ಬರೆದದ್ದು ಅವರಿಗೆ 180 ಅಂತ ಕಂಡಿತು.

ಮೂರು ಮೀಟರ್ ಬೀಮಿಗೆ 24 ರಿಂಗ್ ಬೀಳಬೇಕಾದಲ್ಲಿ 18 ಬಿದ್ದಿದ್ದವು. ಕಾಂಕ್ರೀಟ್ ಹಾಕುವ ಹಿಂದಿನ ದಿನ ನಮ್ಮ ಎಂಜಿನಿಯರ ಕಣ್ಣಿಗೆ ಬಿದ್ದದ್ದು ಪುಣ್ಯ. ಮೇಸ್ತ್ರಿ ನನ್ನನ್ನು ಬೈಯಲಿಲ್ಲ. ಕವರಿನಿಂದ ಹಾಳೆ ತೆಗೆದು ನನ್ನ ಕೈಗಿಟ್ಟು ‘ನೀವೇ ಓದಿ ಮಾರಾಯ್ರೆ’ ಅಂದರು. ಬರೆದವನು ನಾನು. ನನಗೂ ಅದು ಎಂಟರ ಹಾಗೇ ಕಂಡಿತು.

ಕೈಯಲ್ಲಿ ಡ್ರಾಯಿಂಗ್ ಮಾಡುತ್ತಿದ್ದ ಹಿರಿಯರು ಇಲ್ಲಿ ಮುಂದಿನ ಸಾಲಿನಲ್ಲಿ ಕೂತಿದ್ದಾರೆ. ಅವರಿಗೆ ಈ ತರದ ಎಡವಟ್ಟು ಆಗುವುದು ಕಷ್ಟವಿತ್ತು. ಬೋರ್ಡಿನ ಮೇಲೆ ಟ್ರೇಸಿಂಗ್ ಪೇಪರ್ ಅಂಟಿಸಿ ಕೂತವರು ಗೋಡೆಯನ್ನು ನೂರರಲ್ಲಿ ಒಂದು ಪಾಲಿಗೆ ಇಳಿಸಿ ಎಳೆಯುತ್ತಿದ್ದರು, ಅಕ್ಷರವನ್ನು ಮಾತ್ರ ಇಳಿಸುತ್ತಿರಲಿಲ್ಲ. ಅದನ್ನು ಕಣ್ಣಿಗೆ ಎಷ್ಟು ಬೇಕೋ ಅಷ್ಟಕ್ಕೇ ಬರೆಯುತ್ತಿದ್ದರು. ಮನೆ ನೆಲಕ್ಕೆ ಸೇರಿದ್ದು, ಅಕ್ಷರ ಕಾಗದಕ್ಕೆ ಸೇರಿದ್ದು ಅನ್ನುವುದು ಅವರ ಕೈಗೇ ಗೊತ್ತಿತ್ತು. ಕಂಪ್ಯೂಟರ್ ಬಂದ ಮೇಲೆ ಆಟ ಉಲ್ಟಾ ಆಯಿತು. ಈಗ ನಾವು ಇಳಿಸಿ ಎಳೆಯುವುದಿಲ್ಲ. ಆರು ಮೀಟರ್ ಜಗಲಿಯನ್ನು 6000 ಮಿ.ಮೀ. ಅಂತಲೇ ಎಳೆಯುತ್ತೇವೆ. ಇಳಿಸುವ ಕೆಲಸ ಪ್ರಿಂಟ್ ತೆಗೆಯುವಾಗ. ಆಗ ಗೋಡೆಯ ಜೊತೆಗೆ ಅಕ್ಷರವೂ ಇಳಿಯುತ್ತದೆ. ನಮ್ಮ ತೊಂದರೆಯೆಲ್ಲ ಹುಟ್ಟುವುದು ಇಲ್ಲಿಂದ.

ಹೊಸ ಹುಡುಗರು ಮಾಡುವ ಮೊದಲ ತಪ್ಪನ್ನು ನೀವೆಲ್ಲ ನೋಡಿದ್ದೀರಿ, ಮಾಡಿಯೂ ಇದ್ದೀರಿ. ನಾವು ಡ್ರಾಯಿಂಗ್ ಎಳೆಯುವ ಆಟೋಕ್ಯಾಡ್ ಸಾಫ್ಟ್‌ವೇರಿನಲ್ಲಿ ಟೆಕ್ಸ್ಟ್ ಅಂತ ಕೊಟ್ಟು, ಎತ್ತರ ಕೇಳಿದಾಗ 2.5 ಅಂತ ಹೊಡೆಯುವುದು. ಎಂಟರ್ ಒತ್ತಿದರೆ ಅಕ್ಷರವೇ ಕಾಣುವುದಿಲ್ಲ. ‘ಸಾರ್, ಟೆಕ್ಸ್ಟ್ ಬರ್ತಾ ಇಲ್ಲ.’ ಬಂದಿದೆ ಕಣಪ್ಪಾ. ಆರು ಮೀಟರ್ ಜಗಲಿಯ ನೆಲದ ಮೇಲೆ ಒಂದು ಸಾಸಿವೆ ಕಾಳು ಬಿದ್ದಿದೆ, ನೀನು ಅಂಗಳದ ಆಚೆ ನಿಂತು ಹುಡುಕುತ್ತಿದ್ದೀಯ. ಎರಡೂವರೆ ಮಿಲಿಮೀಟರ್ ಅಂದರೆ ಸಾಸಿವೆಗಿಂತ ಒಂಚೂರು ದಪ್ಪ, ಅಷ್ಟೇ.

ಹಾಗಾದರೆ ಎಷ್ಟು ಕೊಡಬೇಕು? ಕಾಗದದ ಮೇಲೆ ಬೇಕಾದ ಎತ್ತರವನ್ನು ಸ್ಕೇಲಿನ ಸಂಖ್ಯೆಯಿಂದ ಗುಣಿಸಿ. 1:100ಕ್ಕೆ 2.5 ಬೇಕಾದರೆ 250. 1:50ಕ್ಕೆ 125. 1:200ಕ್ಕೆ 500. ಇನ್ನೂರೈವತ್ತು ಅಂದರೆ ಒಂದು ಇಟ್ಟಿಗೆಗಿಂತ ಸ್ವಲ್ಪ ಉದ್ದ. ನಿಮ್ಮ ಮನೆಯ ನೆಲದ ಮೇಲೆ ಸುಣ್ಣದಲ್ಲಿ ‘ಅಡುಗೆಮನೆ’ ಅಂತ ಇಟ್ಟಿಗೆಯ ಉದ್ದದಷ್ಟು ಎತ್ತರದ ಅಕ್ಷರದಲ್ಲಿ ಬರೆದು, ಆಕಾಶದಿಂದ ಫೋಟೊ ತೆಗೆದ ಹಾಗೆ ಅಂದುಕೊಳ್ಳಿ. ಮಾಡೆಲ್ ಸ್ಪೇಸಿನಲ್ಲಿ, ಅಂದರೆ ಮನೆಯನ್ನು ನಿಜ ಅಳತೆಗೇ ಎಳೆಯುವ ಜಾಗದಲ್ಲಿ, ಬರೆಯುವುದು ಅಂದರೆ ಅದೇ.

ಗುಣಾಕಾರ ಮೂರನೇ ಕ್ಲಾಸಿನದು. ಎಡವುವುದು ಯೂನಿಟ್ಟಿನಲ್ಲಿ. ಮನೆಯ ಡ್ರಾಯಿಂಗ್ ಮಿಲಿಮೀಟರಿನಲ್ಲಿ ಇರುತ್ತದೆ, ಟೋಟಲ್ ಸ್ಟೇಷನ್ ಅನ್ನುವ ಸರ್ವೆ ಯಂತ್ರದಿಂದ ಬಂದ ಸರ್ವೆ ಮೀಟರಿನಲ್ಲಿ ಇರುತ್ತದೆ. ಮೀಟರಿನ ಫೈಲಿನಲ್ಲಿ 1:100ಕ್ಕೆ 250 ಅಂತ ಕೊಟ್ಟರೆ ಕಾಲು ಕಿಲೋಮೀಟರ್ ಎತ್ತರದ ಅಕ್ಷರ ಬರುತ್ತದೆ. ನಮ್ಮ ಜೋಗದ ರಾಜ ಬೀಳುವುದು 253 ಮೀಟರಿನಿಂದ, ಅಲ್ಲಿಗೆ ಸರಿಯಾಗಿ ಒಂದು ಜೋಗದಷ್ಟು. ಅಲ್ಲಿ ಕೊಡಬೇಕಾದದ್ದು 0.25.

ಇನ್ನು ಅಡಿ ಇಂಚು. ಮಲೆನಾಡಿನಲ್ಲಿ ಯಾವ ಮೇಸ್ತ್ರಿಯೂ ಮಿಲಿಮೀಟರಿನಲ್ಲಿ ಮಾತಾಡುವುದಿಲ್ಲ, ಬಾಗಿಲು ಅಂದರೆ ಏಳು ಅಡಿಯೇ. ಕಾಲು ಇಂಚಿಗೆ ಒಂದು ಅಡಿ ಅನ್ನುವ ಸ್ಕೇಲು 1:48 ಆಗುತ್ತದೆ. ಕಾಗದದ ಮೇಲೆ ಅರೆಕಾಲು ಇಂಚಿನ ಅಕ್ಷರ ಬೇಕಾದರೆ, 48ರಿಂದ ಗುಣಿಸಿ ಆರು ಇಂಚು ಕೊಡಿ. ಅರೆಕಾಲು ಇಂಚಿಗೆ ಒಂದು ಅಡಿ ಆದರೆ ಸ್ಕೇಲು 1:96, ಅಕ್ಷರ ಒಂದು ಅಡಿ. ಒಂದು ಎಚ್ಚರಿಕೆ ಹೇಳುತ್ತೇನೆ: 96 ಮತ್ತು 100 ಹತ್ತಿರದಲ್ಲಿವೆ ಅಂತ ಎರಡನ್ನೂ ಒಂದೇ ಅಂದುಕೊಂಡವರು ಇದ್ದಾರೆ. ಅಕ್ಷರಕ್ಕೆ ಆ ನಾಲ್ಕು ಪರ್ಸೆಂಟ್ ಲೆಕ್ಕಕ್ಕಿಲ್ಲ. ಆದರೆ ಅದೇ ಹಾಳೆಯ ಮೇಲೆ ಸ್ಕೇಲ್ ಪಟ್ಟಿ ಇಟ್ಟು ಗೋಡೆ ಅಳೆಯುತ್ತಾರಲ್ಲ, 25 ಅಡಿಯಲ್ಲಿ ಒಂದು ಅಡಿ ಎತ್ತಲೋ ಹೋಗಿರುತ್ತದೆ.

ಎರಡೂವರೆ ಅನ್ನುವ ಸಂಖ್ಯೆ ಎಲ್ಲಿಂದ ಬಂತು ಅಂತ ಯಾರಾದರೂ ಯೋಚಿಸಿದ್ದೀರಾ? ಡ್ರಾಯಿಂಗ್ ಅಕ್ಷರಕ್ಕೆ ಐಎಸ್‌ಒ 3098 ಅಂತ ಒಂದು ಮಾನಕ ಇದೆ. ಕಾಲೇಜುಗಳಿಗೆ ನಮ್ಮ ಭಾರತೀಯ ಮಾನಕ ಬ್ಯೂರೋದವರು ತಂದ ಎಸ್‌ಪಿ 46ರಲ್ಲೂ ಇದೇ ಅಳತೆಗಳಿವೆ. 1.8, 2.5, 3.5, 5, 7, 10, 14, 20. ಒಂದಕ್ಕೂ ಮುಂದಿನದಕ್ಕೂ ಇರುವ ಪಟ್ಟು ಎರಡರ ವರ್ಗಮೂಲ, ಅಂದರೆ 1.414. ಎ4, ಎ3, ಎ2 ಹಾಳೆಗಳ ಉದ್ದ ಅಗಲಕ್ಕೂ ಇದೇ ಪಟ್ಟು. ಹಾಗಾಗಿ ಎ1 ಹಾಳೆಯನ್ನು ಎ2ಗೆ ಇಳಿಸಿದರೆ 3.5ರ ಅಕ್ಷರ ಸರಿಯಾಗಿ 2.5ರ ಮೆಟ್ಟಿಲಿಗೆ ಬಂದು ಕೂರುತ್ತದೆ. ಎ3ಗೆ ಇಳಿಸಿದರೆ 5 ಇದ್ದದ್ದು 2.5. ರೋಟ್ರಿಂಗ್ ಅನ್ನುವ ಡ್ರಾಯಿಂಗಿನ ಶಾಯಿ ಪೆನ್ ಹಿಡಿದವರಿಗೆ ಅದರ ಮೂತಿಯ ದಪ್ಪಗಳು ನೆನಪಿರಬೇಕು: 0.25, 0.35, 0.5, 0.7. ಅದೂ ಇದೇ ಸರಣಿ. ಅಕ್ಷರದ ಎತ್ತರದ ಹತ್ತನೇ ಒಂದು ಪಾಲು ಗೆರೆಯ ದಪ್ಪ, 2.5ರ ಅಕ್ಷರಕ್ಕೆ 0.25ರ ಪೆನ್ನು. ಹಾಳೆ, ಅಕ್ಷರ, ಪೆನ್ನು ಮೂರನ್ನೂ ಒಂದೇ ಮಗ್ಗದಲ್ಲಿ ನೆಯ್ದಿದ್ದಾರೆ. ಆ ಪೆನ್ನುಗಳ ಮೂತಿ ಕಟ್ಟಿಕೊಂಡಾಗ ಅದನ್ನು ಬಿಡಿಸುವ ಸಂಕಟ ಬೇರೆ ಕಥೆ, ಹಿರಿಯರು ನಗುತ್ತಿದ್ದಾರೆ, ಬಿಡಿ.

ಈ ಪೆನ್ನಿನ ಮಾತು ಹಳೇ ಪುರಾಣ ಅಲ್ಲ. ಆಟೋಕ್ಯಾಡಿನ ಎಸ್‌ಎಚ್‌ಎಕ್ಸ್ ಫಾಂಟುಗಳು, ಅಂದರೆ ಸಿಂಪ್ಲೆಕ್ಸ್, ರೋಮನ್‌ಎಸ್ ತರದವು, ಬರೀ ಗೆರೆಗಳು. ಪ್ಲಾಟ್ ಮಾಡುವಾಗ ಆ ಲೇಯರಿಗೆ 0.5 ದಪ್ಪ ಕೊಟ್ಟಿದ್ದರೆ 2.5ರ ಅಕ್ಷರದ ಹೊಟ್ಟೆಯೆಲ್ಲ ತುಂಬಿಕೊಂಡು 8, 6, 3 ಎಲ್ಲ ಒಂದೇ ಜಾತಿಯ ಕಪ್ಪು ಚುಕ್ಕೆಗಳಾಗುತ್ತವೆ. ಎತ್ತರ ಸರಿ ಇದ್ದೂ ಓದಲಾಗದ ಡ್ರಾಯಿಂಗ್ ಸಿಕ್ಕರೆ ಮೊದಲು ಗೆರೆಯ ದಪ್ಪ ನೋಡಿ.

ಸ್ಕೇಲು ಮೊದಲು, ಅಕ್ಷರ ಆಮೇಲೆ ಅಂತ ಇಷ್ಟು ಹೊತ್ತು ಹೇಳಿದೆ. ಈಗ ಆ ಮಾತನ್ನೇ ಸ್ವಲ್ಪ ತಿರುಗಿಸುತ್ತೇನೆ. ಸಾಗರದ ಹತ್ತಿರದ ಒಬ್ಬರು ತಮ್ಮ ಅಡಿಕೆ ತೋಟದ ನಕ್ಷೆ ಬೇಕು ಅಂದರು. ಹನಿ ನೀರಾವರಿಯ ಪೈಪು ಎಳೆಸಬೇಕಿತ್ತು, ಜೊತೆಗೆ ಒಂದೊಂದು ಮರಕ್ಕೂ ನಂಬರು ಹಾಕಿ ರೋಗ ಬಂದದ್ದು, ಸತ್ತದ್ದು, ಹೊಸ ಸಸಿ ನೆಟ್ಟದ್ದು ಗುರುತಿಸಿಕೊಳ್ಳುವ ಆಸೆ. ಚೊಕ್ಕ ಮನುಷ್ಯ. ನಮ್ಮ ಹುಡುಗ 1:500ಕ್ಕೆ ಹಾಕಿದರೆ ಇಡೀ ತೋಟ ಒಂದೇ ಹಾಳೆಯಲ್ಲಿ ಕೂರುತ್ತದೆ ಅಂತ ಖುಷಿಯಲ್ಲಿ ಮಾಡಿದ. ಪ್ರಿಂಟ್ ನೋಡಿದರೆ ಇರುವೆ ಸಾಲು. ಯಾಕೆ ಅಂತ ಲೆಕ್ಕ ಹಾಕಿ. ಅಡಿಕೆ ಮರದಿಂದ ಮರಕ್ಕೆ ಒಂಬತ್ತು ಅಡಿ, 2.7 ಮೀಟರ್. 1:500ರಲ್ಲಿ ಅದು 5.4 ಮಿ.ಮೀ. ಎರಡೂವರೆ ಎತ್ತರದ ಅಂಕಿಯೊಂದು ಅಗಲದಲ್ಲಿ ಹತ್ತಿರ ಹತ್ತಿರ ಎರಡು ಮಿ.ಮೀ. ತಿನ್ನುತ್ತದೆ. ಮೂರಂಕಿಯ ನಂಬರಿಗೆ ಆರು. 5.4ರ ಜಾಗದಲ್ಲಿ ಆರರ ನಂಬರು ಹೇಗೆ ಕೂತೀತು? ಹುಡುಗ ಏನು ಮಾಡಿದ ಅಂದರೆ ಅಕ್ಷರವನ್ನು 1.5ಕ್ಕೆ ಇಳಿಸಿದ. ನಂಬರುಗಳು ಕೂತವು, ಓದುವವರಿಗೆ ಮಾತ್ರ ದುರ್ಬೀನು ಬೇಕಾಯಿತು.

ಅಲ್ಲಿ ಬದಲಿಸಬೇಕಾದದ್ದು ಅಕ್ಷರ ಅಲ್ಲ, ಸ್ಕೇಲು. 1:250 ಮಾಡಿದರೆ ಮರಗಳ ನಡುವೆ 10.8 ಮಿ.ಮೀ. ಸಿಗುತ್ತದೆ. ನಂಬರು ಹಾಯಾಗಿ ಕೂರುತ್ತದೆ, ಪೈಪಿನ ಗೆರೆಗೂ ಜಾಗ ಉಳಿಯುತ್ತದೆ. ಹಾಳೆ ಒಂದರ ಬದಲು ನಾಲ್ಕಾದವು, ಆಗಲಿ. ಕಣ್ಣಿಗೆ ಕಾಣುವ ಅತಿ ಸಣ್ಣ ಅಕ್ಷರ ಯಾವುದು ಅಂತ ಮೊದಲು ನಿರ್ಧರಿಸಿ, ಅದು ಕೂರುವ ಸ್ಕೇಲನ್ನು ಹುಡುಕುವ ಕೆಲಸ ಎಷ್ಟೋ ಡ್ರಾಯಿಂಗುಗಳಲ್ಲಿ ಬರುತ್ತದೆ. ಮಲೆನಾಡಿನ ಇಳಿಜಾರಿನ ಕಾಂಟೂರ್ ನಕ್ಷೆಯಲ್ಲೂ, ಅಂದರೆ ಒಂದೇ ಎತ್ತರದ ಜಾಗಗಳನ್ನು ಗೆರೆಯಿಂದ ಕೂಡಿಸಿದ ನಕ್ಷೆಯಲ್ಲೂ, ಇದೇ ಕಥೆ. ಮೀಟರಿಗೊಂದು ಗೆರೆ ಎಳೆದರೆ ಗುಡ್ಡದ ಮೈಮೇಲೆ ಗೆರೆಗಳು ಒಂದಕ್ಕೊಂದು ತಾಗಿಕೊಂಡಿರುತ್ತವೆ. ಎಲ್ಲಕ್ಕೂ ಎತ್ತರ ಬರೆಯಲು ಹೋಗಬೇಡಿ, ಐದಕ್ಕೊಂದು ದಪ್ಪ ಗೆರೆಗೆ ಬರೆದರೆ ಸಾಕು.

ಗ್ರಾಮ ನಕ್ಷೆಯ ಮಾತು ಇನ್ನೂ ಸ್ವಾರಸ್ಯ. ನಮ್ಮ ಕಡೆಯ ಗ್ರಾಮ ನಕ್ಷೆಗಳು ಮೈಲಿಗೆ ಎಂಟು ಇಂಚು, ಅಂದರೆ 1:7920. ವಿಚಿತ್ರ ಸಂಖ್ಯೆ ಅನ್ನಿಸುತ್ತದೆ, ಆದರೆ ಚೈನ್ ಹಿಡಿದವರಿಗೆ ಅಲ್ಲ. ಒಂದು ಇಂಚಿಗೆ 660 ಅಡಿ, 33 ಅಡಿಯ ಚೈನಿನಲ್ಲಿ ಸರಿಯಾಗಿ ಇಪ್ಪತ್ತು ಚೈನು. ಆ ಚೈನು ಉದ್ದಕ್ಕೊಂದು ಅಗಲಕ್ಕೊಂದು ಹಾಕಿದರೆ ಒಂದು ಗುಂಟೆ, 1089 ಚದರಡಿ. ನಲವತ್ತು ಗುಂಟೆಗೆ ಎಕರೆ. ಈಗ ಹೇಳಿ, ಒಂದು ಗುಂಟೆ ಜಾಗ ಗ್ರಾಮ ನಕ್ಷೆಯ ಮೇಲೆ ಎಷ್ಟು ದೊಡ್ಡದು? ಒಂದೊಂದು ಬದಿ 1.27 ಮಿ.ಮೀ. ಅಣ್ಣ ತಮ್ಮಂದಿರು ವರ್ಷಗಟ್ಟಲೆ ಕೋರ್ಟಿಗೆ ಅಲೆದ ಜಾಗ ಒಂದು ಪೂರ್ಣವಿರಾಮದಷ್ಟು! ಅದರೊಳಗೆ ಹಿಸ್ಸಾ ನಂಬರು, ಅಂದರೆ ಪಾಲಿನ ನಂಬರು, ಬರೆಯುವ ಮಾತೇ ಇಲ್ಲ. ಅದಕ್ಕೇ ಸರ್ವೆ ನಂಬರನ್ನು ಪಾಲು ಮಾಡುವ ಪೋಡಿಗೆ, ಜಮೀನಿನ ಒಂದು ಭಾಗ ಮಾರುವಾಗ ಬೇಕಾಗುವ 11ಇಗೆ ಬೇರೆ ದೊಡ್ಡ ಸ್ಕೆಚ್ಚು ಬೇಕಾಗುವುದು.

ಆ ಗ್ರಾಮ ನಕ್ಷೆಯನ್ನು ಸ್ಕ್ಯಾನ್ ಮಾಡಿ, ಮೀಟರ್ ಯೂನಿಟ್ಟಿಗೆ ಹೊಂದಿಸಿ, ಮೇಲೆ ಸರ್ವೆ ನಂಬರು ಬರೆಯುವ ಕೆಲಸ ನಿಮ್ಮಲ್ಲಿ ಹಲವರು ಮಾಡುತ್ತೀರಿ. ಅದೇ ಸ್ಕೇಲಿಗೆ ಮತ್ತೆ ಪ್ರಿಂಟ್ ಆಗಬೇಕಾದರೆ 2.5 ಮಿ.ಮೀ. ಅಕ್ಷರಕ್ಕೆ ಕೊಡಬೇಕಾದ ಎತ್ತರ 19.8. ಹತ್ತೊಂಬತ್ತು ಚಿಲ್ಲರೆ ಮೀಟರ್! ಒಳ್ಳೆ ಬೆಳೆದ ಅಡಿಕೆ ಮರದಷ್ಟು ಎತ್ತರದ ಅಕ್ಷರ. ಹುಡುಗರಿಗೆ ಅಷ್ಟು ದೊಡ್ಡ ಸಂಖ್ಯೆ ಕೊಡಲು ಕೈ ನಡುಗುತ್ತದೆ, ಎರಡೋ ಮೂರೋ ಕೊಟ್ಟು ಬಿಡುತ್ತಾರೆ. ನಡುಗಬೇಡಿ. ಇಲ್ಲೇ ಸೋಗಾನೆಯ ವಿಮಾನ ನಿಲ್ದಾಣದ ರನ್‌ವೇ 3200 ಮೀಟರ್. ಅದನ್ನು ಎ1 ಹಾಳೆಗೆ ಹಿಡಿಸಬೇಕಾದರೆ 1:5000ಕ್ಕೆ ಹೋಗಬೇಕು, ಆಗ ರನ್‌ವೇ 640 ಮಿ.ಮೀ. ಆಗುತ್ತದೆ, ಅಕ್ಷರ 12.5 ಮೀಟರ್. ಸಂಖ್ಯೆ ನೋಡಿ ಹೆದರುವ ಬದಲು ಕಾಗದದ ಮೇಲೆ ಎಷ್ಟಾಗುತ್ತದೆ ಅಂತ ಹಿಂದಕ್ಕೆ ಭಾಗಿಸಿ ನೋಡಿಕೊಳ್ಳಿ.

ಈ ಗುಣಾಕಾರದ ಗೋಜೇ ಬೇಡ ಅನ್ನುವವರಿಗೆ ದಾರಿ ಇದೆ. ಆಟೋಕ್ಯಾಡ್ ಮೊದಲು ಹೊರಬಂದದ್ದು 1982ರಲ್ಲಿ. ಪೇಪರ್ ಸ್ಪೇಸ್ ಬಂದದ್ದು 1990ರ ರಿಲೀಸ್ 11ರಲ್ಲಿ. ಅದರ ಪುಟಕ್ಕೆ ಲೇಔಟ್ ಅನ್ನುತ್ತಾರೆ, ಅಲ್ಲಿ ಹಾಳೆ ಹಾಳೆಯ ಅಳತೆಯಲ್ಲೇ ಇರುತ್ತದೆ. ಅದರಲ್ಲಿ ಕಿಟಕಿ ಕೊರೆದ ಹಾಗೆ ವ್ಯೂಪೋರ್ಟ್, ಕಿಟಕಿಯ ಆಚೆ ಮನೆ. ಕಿಟಕಿಗೆ ಸ್ಕೇಲು ಕೊಟ್ಟು ಲಾಕ್ ಮಾಡಿ. ಲಾಕ್ ಮಾಡುವುದನ್ನು ಮರೆತರೆ ಮೌಸಿನ ಚಕ್ರ ಒಂದು ಸುತ್ತು ತಿರುಗಿದರೂ ಸ್ಕೇಲು ಹೋಯಿತು. ಅಕ್ಷರವನ್ನು ಹಾಳೆಯ ಮೇಲೇ, 2.5 ಅಂತಲೇ ಬರೆಯಿರಿ. ಗುಣಿಸಬೇಕಾಗಿಲ್ಲ. ಮೀಟರಿನ ಫೈಲು, ಮಿಲಿಮೀಟರಿನ ಹಾಳೆ ಆದರೆ ಮಾತ್ರ ಕಿಟಕಿಗೆ ಕೊಡುವ ಸ್ಕೇಲನ್ನು ಸಾವಿರದಿಂದ ಗುಣಿಸಬೇಕು: 1:500 ಬೇಕಾದರೆ 1000 ಭಾಗಿಸು 500, ಅಂದರೆ 2. ಆಟೋಕ್ಯಾಡಿಗೆ ಅದನ್ನು 2ಎಕ್ಸ್‌ಪಿ ಅಂತ ಕೊಡಬೇಕು. ಶೀರ್ಷಿಕೆ, ಟಿಪ್ಪಣಿ, ಟೈಟಲ್ ಬ್ಲಾಕ್ ಇವೆಲ್ಲ ಹಾಳೆಯ ಮೇಲೇ ಇರಲಿ ಅನ್ನುವುದು ನನ್ನ ಹಠ.

ಕೋಣೆಯ ಹೆಸರು, ಅಳತೆ ಮಾತ್ರ ಮನೆಯ ಜೊತೆಗೇ ಇದ್ದರೆ ಅನುಕೂಲ, ಗೋಡೆ ಸರಿಸಿದರೆ ಅವೂ ಸರಿಯುತ್ತವೆ. ಆದರೆ ಅದೇ ಪ್ಲಾನು ಲೈಸೆನ್ಸಿಗೆ 1:100, ಸೈಟಿಗೆ 1:50. ಒಂದಕ್ಕೆ ಸರಿ ಮಾಡಿದರೆ ಇನ್ನೊಂದರಲ್ಲಿ ಅಕ್ಷರ ಇಮ್ಮಡಿ, ಇಲ್ಲವೇ ಅರ್ಧ. ಇದಕ್ಕೆ ಅಂತಲೇ ಆಟೋಕ್ಯಾಡ್ 2008ರಲ್ಲಿ ಅನ್ನೋಟೇಟಿವ್ ಅನ್ನುವ ಗುಣ ಕೊಟ್ಟರು. ನೀವು ಕಾಗದದ ಎತ್ತರ ಹೇಳಿ, ಯಾವ ಯಾವ ಸ್ಕೇಲಿನಲ್ಲಿ ಬೇಕು ಅಂತ ಹೇಳಿ, ಗುಣಾಕಾರ ಅದೇ ಮಾಡಿಕೊಳ್ಳುತ್ತದೆ. ಒಳ್ಳೆಯದೇ. ಆದರೆ ಕಿಟಕಿಯ ಸ್ಕೇಲು ಅಕ್ಷರದ ಪಟ್ಟಿಯಲ್ಲಿ ಇಲ್ಲದಿದ್ದರೆ ಅಕ್ಷರ ಮಾಯ. ‘ನನ್ನ ಕಂಪ್ಯೂಟರಿನಲ್ಲಿ ಇತ್ತು ಸಾರ್’ ಅನ್ನುವ ಮಾತು ನಮ್ಮ ಆಫೀಸಿನಲ್ಲಿ ಹೆಚ್ಚು ಕೇಳಿಬಂದದ್ದು ಇದು ಬಂದ ಮೇಲೆಯೇ. ಇಬ್ಬರು ಮೂವರು ಕೂತು ಕೆಲಸ ಮಾಡುವ ಆಫೀಸು, ಎಲ್ಲರಿಗೂ ಇದು ಬಂದರೆ ಬಳಸಿ. ಒಬ್ಬನಿಗೆ ಮಾತ್ರ ಬಂದು ಉಳಿದವರಿಗೆ ಬಾರದಿದ್ದರೆ ಬೇಡ, ಹಳೇ ಗುಣಾಕಾರವೇ ವಾಸಿ.

ಡೈಮೆನ್ಷನ್, ಅಂದರೆ ಗೋಡೆಯ ಉದ್ದ ತೋರಿಸುವ ಅಳತೆ ಗೆರೆಯ ಬಗ್ಗೆ ಒಂದು ಮಾತು, ಇದನ್ನು ಬರೆದುಕೊಳ್ಳಿ. ಅಲ್ಲಿ ಅಕ್ಷರ ಒಂದೇ ಅಲ್ಲ, ಬಾಣದ ತುದಿ, ಗೆರೆಯ ಅಂತರ ಎಲ್ಲ ಒಟ್ಟಿಗೆ ಬೆಳೆಯಬೇಕು. ಅದಕ್ಕೆ ಡಿಮ್‌ಸ್ಕೇಲ್ ಅನ್ನುವ ಸಂಖ್ಯೆ ಇದೆ. ಅಕ್ಷರ 2.5 ಇಟ್ಟು ಡಿಮ್‌ಸ್ಕೇಲ್ 100 ಕೊಟ್ಟರೆ 1:100ಕ್ಕೆ ಎಲ್ಲವೂ ಸರಿ. ಅದೇ ಸಂವಾದ ಪೆಟ್ಟಿಗೆಯಲ್ಲಿ ಇನ್ನೊಂದು ಸಂಖ್ಯೆ ಇದೆ, ಡಿಮ್‌ಎಲ್‌ಫ್ಯಾಕ್. ಹೆಸರು ಅಣ್ಣತಮ್ಮಂದಿರ ಹಾಗಿದೆ, ಸ್ವಭಾವ ಬೇರೆ. ಅದು ಅಕ್ಷರದ ಗಾತ್ರ ಮುಟ್ಟುವುದಿಲ್ಲ, ಅಳತೆಯನ್ನೇ ಬದಲಿಸುತ್ತದೆ. ಅಲ್ಲಿ 2 ಅಂತ ಕೊಟ್ಟರೆ 3000ದ ಗೋಡೆಗೆ 6000 ಅಂತ ಬರೆಯುತ್ತದೆ, ಅದೂ ಚಂದದ ಅಕ್ಷರದಲ್ಲಿ. ಸಣ್ಣ ಅಕ್ಷರ ಓದಲಾಗದಿದ್ದರೆ ಮೇಸ್ತ್ರಿ ಫೋನ್ ಮಾಡಿ ಕೇಳುತ್ತಾರೆ. ಸ್ಪಷ್ಟವಾಗಿ ಬರೆದ ಸುಳ್ಳನ್ನು ಯಾರೂ ಕೇಳುವುದಿಲ್ಲ. ಜೊತೆಗೆ ಟೆಕ್ಸ್ಟ್ ಸ್ಟೈಲಿನಲ್ಲಿ ಎತ್ತರ ಸೊನ್ನೆಯೇ ಇರಲಿ. ಅಲ್ಲಿ 250 ಅಂತ ಕಟ್ಟಿಹಾಕಿದ್ದರೆ, ಡೈಮೆನ್ಷನ್ನಿಗೆ ನೀವು ಬೇರೆ ಎತ್ತರ ಕೊಟ್ಟರೂ ಅದು ಕಿವಿಗೇ ಹಾಕಿಕೊಳ್ಳುವುದಿಲ್ಲ.

ಇಷ್ಟೆಲ್ಲ ಮಾಡಿ ಪ್ರಿಂಟ್ ಅಂಗಡಿಗೆ ಪೆನ್ ಡ್ರೈವ್ ಕೊಟ್ಟು ಚಾ ಕುಡಿಯಲು ಹೋಗುತ್ತೀರಿ. ಅಂಗಡಿಯ ಹುಡುಗ ‘ಫಿಟ್ ಟು ಪೇಪರ್’ ಒತ್ತುತ್ತಾನೆ. 1:100 ಇದ್ದದ್ದು 1:104 ಅಥವಾ 1:107 ಆಗುತ್ತದೆ, ಹಾಳೆಯ ಮೂಲೆಯಲ್ಲಿ ಮಾತ್ರ ‘ಸ್ಕೇಲ್ 1:100’ ಅಂತ ಇದ್ದೇ ಇರುತ್ತದೆ. ಆದ್ದರಿಂದ ನಾನು ಪ್ರತಿ ಹಾಳೆಯಲ್ಲೂ ಒಂದು ಅಳತೆ ಪಟ್ಟಿ ಎಳೆಸುತ್ತೇನೆ, ಭೂಪಟದಲ್ಲಿ ಇರುತ್ತದಲ್ಲ, ಕಪ್ಪು ಬಿಳಿ ಮನೆಗಳ ಪಟ್ಟಿ, ಅದೇ. ಹಾಳೆ ಜೆರಾಕ್ಸಿನಲ್ಲಿ ಕುಗ್ಗಿದರೆ ಪಟ್ಟಿಯೂ ಅಷ್ಟೇ ಕುಗ್ಗುತ್ತದೆ, ಸುಳ್ಳು ಹೇಳುವುದಿಲ್ಲ.

ಇನ್ನು ಕನ್ನಡ. ನಾನು ಇಲ್ಲಿಗೆ ಬಂದದ್ದೇ ಹೆಚ್ಚಾಗಿ ಇದನ್ನು ಹೇಳಲು. ಸೈಟಿನ ಡ್ರಾಯಿಂಗಿನಲ್ಲಿ ಕೋಣೆಯ ಹೆಸರು, ಟಿಪ್ಪಣಿ ಕನ್ನಡದಲ್ಲಿ ಬರೆಯಲು ಶುರು ಮಾಡಿ ಕೆಲವು ವರ್ಷವಾಯಿತು. ಮೊದಲ ಹಾಳೆಯಲ್ಲೇ ಸೋತೆ. ಇಂಗ್ಲಿಷಿಗೆ ಕೊಟ್ಟ 2.5ನ್ನೇ ಕನ್ನಡಕ್ಕೂ ಕೊಟ್ಟಿದ್ದೆ. ಆ 2.5 ಅನ್ನುವುದು ಇಂಗ್ಲಿಷಿನ ದೊಡ್ಡಕ್ಷರದ ಎತ್ತರ. ಡ್ರಾಯಿಂಗಿನಲ್ಲಿ ಇಂಗ್ಲಿಷನ್ನು ಬರೆಯುವುದೇ ದೊಡ್ಡಕ್ಷರದಲ್ಲಿ, ಎಲ್ಲ ಅಕ್ಷರವೂ ಪೂರ್ತಿ 2.5 ಎತ್ತರಕ್ಕೆ ತಲೆ ಎತ್ತಿ ನಿಂತಿರುತ್ತವೆ. ನಮ್ಮ ಅಕ್ಷರಕ್ಕೆ ದೊಡ್ಡದು ಸಣ್ಣದು ಅಂತ ಇಲ್ಲ. ತಲೆಯ ಮೇಲೆ ತಲೆಕಟ್ಟು, ಗುಡಿಸು, ಪಕ್ಕದಲ್ಲಿ ದೀರ್ಘ, ಕಾಲಬುಡದಲ್ಲಿ ಒತ್ತು. ‘ಕೊಟ್ಟಿಗೆ’ ಬರೆದು ನೋಡಿ. ಮೇಲಿನ ಟಿ ಒಂದು ಅಳತೆ, ಕೆಳಗಿನ ಒತ್ತು ಅದಕ್ಕಿಂತ ಎಷ್ಟೋ ಸಣ್ಣದು. ಮೇಲಿನದು 2.5 ಇದ್ದರೆ ಒತ್ತು ಒಂದೂವರೆಯೂ ಇರುವುದಿಲ್ಲ. ಎ3 ಜೆರಾಕ್ಸಿನಲ್ಲಿ ಒತ್ತು ಅನ್ನುವುದು ಒಂದು ಧೂಳಿನ ಕಣ.

ಮೇಷ್ಟ್ರು ‘ಹೊಟ್ಟೆ ಸೀಳೋ’ ಅಂತ ಹೇಳಿಕೊಟ್ಟ ಮಹಾಪ್ರಾಣಗಳನ್ನು ನೆನಪಿಸಿಕೊಳ್ಳಿ. ದ ಸೀಳಿದರೆ ಧ, ಡ ಸೀಳಿದರೆ ಢ, ಪ ಸೀಳಿದರೆ ಫ. ಆ ಸೀಳು ಅಚ್ಚಿನಲ್ಲಿ ಕೂದಲೆಳೆಯಷ್ಟು. ಪ ಮತ್ತು ಷ ನಡುವೆ ಇರುವುದು ಹೊಟ್ಟೆಯೊಳಗಿನ ಒಂದು ಸಣ್ಣ ಗೆರೆ. ಅಕ್ಷರ ಸಣ್ಣದಾದಷ್ಟೂ ಕನ್ನಡ ಮೊದಲು ಕಳೆದುಕೊಳ್ಳುವುದು ಇಂಥ ಗುರುತುಗಳನ್ನೇ. ಪದ ಪರಿಚಿತವಾದರೆ ನಾವು ಊಹಿಸಿ ಓದಿಬಿಡುತ್ತೇವೆ. ‘ಬಚ್ಚಲು’ ಅನ್ನುವುದಕ್ಕೆ ಒತ್ತು ಕಾಣದಿದ್ದರೂ ಮಲೆನಾಡಿನ ಮೇಸ್ತ್ರಿಗೆ ಅದು ಬಚ್ಚಲೇ. ಆದರೆ ‘ಇಲ್ಲಿ ಫೂಟಿಂಗ್ ಪಕ್ಕದ ಪಾಗಾರಕ್ಕೆ ತಾಗಬಾರದು’ ಅಂತ ಟಿಪ್ಪಣಿ ಇದ್ದರೆ ಊಹೆಗೆ ಬಿಡಲಾಗುತ್ತದೆಯೇ?

ಹಾಗಾಗಿ ನಮ್ಮ ಆಫೀಸಿನ ಕಟ್ಟಳೆ: ಕನ್ನಡಕ್ಕೆ ಮಾನಕದ ಒಂದು ಮೆಟ್ಟಿಲು ಮೇಲೆ. ಇಂಗ್ಲಿಷ್ 2.5 ಇದ್ದಲ್ಲಿ ಕನ್ನಡ 3.5. ಎ3 ಜೆರಾಕ್ಸಿಗೆ ಹೋಗುವ ಎ1 ಹಾಳೆಯಾದರೆ ಕನ್ನಡ 7, ಅಂಕಿ 5. ಇದು ಯಾವ ಪುಸ್ತಕದಲ್ಲೂ ಓದಿದ್ದಲ್ಲ, ಪ್ರಿಂಟ್ ತೆಗೆದು ತೆಗೆದು ಗೊತ್ತಾದದ್ದು. ಫಾಂಟಿನಿಂದ ಫಾಂಟಿಗೆ ಕನ್ನಡದ ಮೈ ಬೇರೆ ಬೇರೆ ಇರುತ್ತದೆ, ತುಂಗಾದಲ್ಲಿ ಒಂದು, ನಿರ್ಮಲಾದಲ್ಲಿ ಇನ್ನೊಂದು. ಆದ್ದರಿಂದ ನೀವು ಬಳಸುವ ಫಾಂಟಿನಲ್ಲಿ ಒಮ್ಮೆ ಪ್ರಿಂಟ್ ತೆಗೆದು, ಒತ್ತು ಗುಣಿತ ಏನೂ ಇಲ್ಲದ ‘ಗ’ ಅಕ್ಷರಕ್ಕೆ ಪಟ್ಟಿ ಇಟ್ಟು ಅಳೆಯಿರಿ. ನೀವು ಕೊಟ್ಟ ಸಂಖ್ಯೆಗೂ ಕಾಗದದ ಮೇಲಿನ ‘ಗ’ಗೂ ಎಷ್ಟು ಅಂತರ ಅಂತ ತಿಳಿಯುತ್ತದೆ. ಮತ್ತೆ ಸಾಲಿನ ಅಂತರ. ಹಲವು ಸಾಲು ಒಟ್ಟಿಗೆ ಬರೆಯುವ ಎಂಟೆಕ್ಸ್ಟ್ ಕಮಾಂಡಿನಲ್ಲಿ ತಾನಾಗಿ ಬರುವ ಅಂತರ ಇಂಗ್ಲಿಷಿಗೆ ಸಾಕು. ಕನ್ನಡದಲ್ಲಿ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿನ ಮೇಲೆ ಕಾಲಿಡುತ್ತದೆ. ನಾನು ಒಂದೂಕಾಲು ಪಟ್ಟು ಕೊಡುತ್ತೇನೆ.

ಫಾಂಟಿನ ತಂಟೆ ಇನ್ನೊಂದಿದೆ. ಸಿಂಪ್ಲೆಕ್ಸಿನಂಥ ಫಾಂಟಿನಲ್ಲಿ ಕನ್ನಡ ಇಲ್ಲ, ಯುನಿಕೋಡಿನಲ್ಲಿ ಬರೆದರೆ ಪ್ರಶ್ನಾರ್ಥಕ ಚಿಹ್ನೆಗಳ ಸಾಲು ಬರುತ್ತದೆ. ಹಳೆಯ ನುಡಿ, ಬರಹ ಫಾಂಟಿನಲ್ಲಿ ಬರೆದಿದ್ದರೆ ನಿಮ್ಮ ಕಂಪ್ಯೂಟರಿನಲ್ಲಿ ಸರಿಯಾಗಿ ಕಾಣುತ್ತದೆ, ಆ ಫಾಂಟ್ ಇಲ್ಲದ ಅಂಗಡಿಯಲ್ಲಿ ತೆರೆದರೆ ಇಂಗ್ಲಿಷ್ ಅಕ್ಷರಗಳ ಚಿತ್ರಾನ್ನ. ಅಂಗಡಿಗೆ ಡಿಡಬ್ಲ್ಯುಜಿ, ಅಂದರೆ ಆಟೋಕ್ಯಾಡಿನ ಮೂಲ ಫೈಲು, ಕೊಡಬೇಡಿ, ನೀವೇ ಸ್ಕೇಲಿಗೆ ಸರಿಯಾಗಿ ಪಿಡಿಎಫ್ ಮಾಡಿ ಕೊಡಿ, ಫಾಂಟು ಅದರೊಳಗೇ ಹೋಗುತ್ತದೆ. ಫಿಟ್ ಒತ್ತಬೇಡ ಅಂತ ಹುಡುಗನಿಗೆ ಹೇಳಿ, ಪ್ರಿಂಟ್ ಬಂದ ಮೇಲೆ ಅಳತೆ ಪಟ್ಟಿಯ ಮೇಲೆ ನಿಮ್ಮ ಪಟ್ಟಿ ಇಟ್ಟು ನೋಡಿ, ಆಮೇಲೆ ದುಡ್ಡು ಕೊಡಿ.

ಹಿಂದಿನಿಂದ ಒಬ್ಬರು ಚೀಟಿ ಕಳಿಸಿದ್ದಾರೆ: ‘ಹಳೇ ಡ್ರಾಯಿಂಗಿನಲ್ಲಿ ಮುನ್ನೂರು ಟೆಕ್ಸ್ಟ್ ಇದೆ, ಎಲ್ಲ ಸಣ್ಣದು. ಒಂದೊಂದೇ ಸರಿ ಮಾಡಬೇಕಾ?’ ಬೇಡ. ಸ್ಕೇಲ್ ಕಮಾಂಡ್ ಕೂಡ ಕೊಡಬೇಡಿ, ಅದು ಎಲ್ಲ ಅಕ್ಷರಗಳನ್ನೂ ಒಂದೇ ಬಿಂದುವಿನಿಂದ ಹಿಗ್ಗಿಸಿ ಅಡುಗೆಮನೆಯ ಹೆಸರನ್ನು ರಸ್ತೆಗೆ ಎಸೆಯುತ್ತದೆ. ಸ್ಕೇಲ್‌ಟೆಕ್ಸ್ಟ್ ಅಂತ ಬೇರೆ ಕಮಾಂಡ್ ಇದೆ. ಪ್ರತಿ ಅಕ್ಷರವೂ ತಾನಿದ್ದಲ್ಲೇ ನಿಂತು ಬೆಳೆಯುತ್ತದೆ. ಮೊದಲು ಕ್ವಿಕ್ ಸೆಲೆಕ್ಟಿನಲ್ಲಿ ಎತ್ತರ ಇಷ್ಟಿರುವವು ಅಂತ ಆರಿಸಿ, ಆಮೇಲೆ ಹೊಸ ಎತ್ತರ ಕೊಡಿ. ಬೆಳೆದ ಅಕ್ಷರಗಳು ಒಂದರ ಮೇಲೊಂದು ಬೀಳುವ ಕಡೆ ಮಾತ್ರ ಕೈಯಲ್ಲಿ ಸರಿಸಬೇಕು. ಮುನ್ನೂರರಲ್ಲಿ ಒಂದು ನಲವತ್ತು ಇರಬಹುದು, ಒಂದು ಸಂಜೆಯ ಕೆಲಸ.

ಕರೆಂಟ್ ಹೋಯಿತು. ಪರವಾಗಿಲ್ಲ, ಜನರೇಟರ್ ಹಾಕಿಸಬೇಡಿ, ಎರಡು ನಿಮಿಷ ಹೀಗೇ ಇರಲಿ. ಸೈಟಿನಲ್ಲಿ ಸಜ್ಜೆಯ ಕೆಳಗೆ ನಿಂತರೆ ಇರುವುದು ಇಷ್ಟೇ ಬೆಳಕು. ಜೇಬಿನಿಂದ ಆ ಪಟ್ಟಿ ತೆಗೆಯಿರಿ. ಕಿಟಕಿ ಹತ್ತಿರ ಹೋಗಬೇಡಿ, ಕೂತಲ್ಲೇ, ಕೈ ಚಾಚಿ ಹಿಡಿದು ಓದಿ. ಚಾಳೀಸು ಬಂದವರು ಕನ್ನಡಕ ತೆಗೆದಿಡಿ, ಗಾರೆ ಕೈಯವರು ಕನ್ನಡಕ ಹಾಕಿಕೊಂಡಿರುವುದಿಲ್ಲ. ಮೂರನೇ ಸಾಲು ಯಾರಿಗೆ ಕಾಣುತ್ತದೆ, ಕೈ ಎತ್ತಿ. ಸರಿ. ಈಗ ನಾಲ್ಕನೆಯದು. ಅದರಲ್ಲಿ ರಿಂಗ್ ಎಷ್ಟಕ್ಕೊಂದು ಅಂತ ಬರೆದಿದೆ? ಮೊದಲೇ ಹೇಳಿದ್ದೇನೆ ಅಂತ ನೆನಪಿನಿಂದ ಹೇಳಬೇಡಿ, ನೋಡಿ ಹೇಳಿ. ಕೆಲವರ ಪಟ್ಟಿಯಲ್ಲಿ ಆ ಸಾಲಿನಲ್ಲಿ ಮಾತ್ರ 180 ಅಂತಲೇ ಪ್ರಿಂಟ್ ಹಾಕಿಸಿದ್ದೇನೆ.